ಉತ್ಖನನ ಶಿಬಿರಕ್ಕೆ ಯಾವ ಕರಣೆ ಒಯ್ಯಬೇಕು? ಚಿರೆಮಣ್ಣಿನವರಿಗೊಂದು ವಿಮರ್ಶೆ

ರಜೆಯಲ್ಲಿ ಉತ್ಖನನ ಶಿಬಿರ ಸೇರುವವರಿಗೆ ಗುದ್ದಲಿ, ಪಿಕಾಸಿ, ಬುಟ್ಟಿ, ಜರಡಿ, ಲೆವೆಲ್ ಯಂತ್ರಗಳನ್ನು ಸಾಮಾನ್ಯವಾಗಿ ಶಿಬಿರದವರೇ ಕೊಡುತ್ತಾರೆ. ಕರಣೆ ಮಾತ್ರ ಸ್ವಂತದ್ದಿರಬೇಕು. ಇಡೀ ದಿನ ಕೈಯಲ್ಲಿರುವುದು ಅದೇ. ಗಟ್ಟಿ ಮಣ್ಣು ಮುಗಿದು ಸಡಿಲ ಮಣ್ಣು ಶುರುವಾದದ್ದು ಎಷ್ಟೋ ಸಲ ಕಣ್ಣಿಗಿಂತ ಮೊದಲು ಅದರ ಅಂಚಿಗೆ ತಿಳಿಯುತ್ತದೆ.

ಶಿರಸಿ, ಕಾರವಾರ, ಕುಮಟಾ ಕಡೆಯಿಂದ ಹೊರಡುವವರಿಗೆ ಮೂರು ದಾರಿಗಳಿವೆ: ಬ್ರಿಟನ್ನಿನ ಉತ್ಖನನಗಳಲ್ಲಿ ರೂಢಿಯಾದ ಡಬ್ಲ್ಯೂಎಚ್‌ಎಸ್ ಬ್ರಾಂಡಿನ 4 ಇಂಚಿನದು, ಅಮೆರಿಕದವರು ನೆಚ್ಚುವ ಮಾರ್ಷಲ್‌ಟೌನ್ 5 ಇಂಚಿನದು, ಇಲ್ಲವೇ ನಮ್ಮ ಪೇಟೆಯ ಗಾರೆ ಕರಣೆಯನ್ನು ಕತ್ತರಿಸಿ ಚಿಕ್ಕದು ಮಾಡಿಕೊಂಡದ್ದು. ಚಿರೆಮಣ್ಣಿಗೆ, ಅಂದರೆ ಜಂಬಿಟ್ಟಿಗೆಯ (ಲ್ಯಾಟರೈಟ್) ಕೆಂಪು ನೆಲಕ್ಕೆ, ನಮ್ಮ ಮೊದಲ ಆಯ್ಕೆ ಡಬ್ಲ್ಯೂಎಚ್‌ಎಸ್. ಮೊದಲ ಶಿಬಿರಕ್ಕಷ್ಟೇ ಆದರೆ ಊರಿನದನ್ನೇ ಸರಿಯಾಗಿ ಆರಿಸಿ ತಿದ್ದಿಸಿಕೊಂಡರೆ ಸಾಕು.

ಕರಣೆ ಮುರಿಯುವುದು ಅಲಗಿನಲ್ಲಲ್ಲ, ಕತ್ತಿನಲ್ಲಿ. ಡಬ್ಲ್ಯೂಎಚ್‌ಎಸ್ ಮತ್ತು ಮಾರ್ಷಲ್‌ಟೌನ್ ಎರಡರಲ್ಲೂ ಅಲಗು, ಕತ್ತು ಒಂದೇ ಉಕ್ಕಿನ ತುಂಡಿನಿಂದ ಬಡಿದದ್ದು. ಪೇಟೆಯ ಅಗ್ಗದ ಕರಣೆಗಳಲ್ಲಿ ಕಂಬಿಯನ್ನು ಅಲಗಿಗೆ ವೆಲ್ಡ್ ಮಾಡಿರುತ್ತಾರೆ, ಇಲ್ಲವೇ ರಿವೆಟ್ ಹೊಡೆದಿರುತ್ತಾರೆ. ಗಾರೆ ಎಳೆಯಲು ಅಷ್ಟು ಸಾಕು, ಗಾರೆ ಮೆತ್ತಗಿರುತ್ತದೆ. ಒಣಗಿದ ಚಿರೆಮಣ್ಣು ಹಾಗಲ್ಲ. ನೆಲದೊಳಗೆ ಹಸಿಯಾಗಿರುವಾಗ ಕತ್ತಿಯಿಂದ ಕೊಯ್ಯುವಂತಿರುವ ಚಿರೆ, ಗಾಳಿಬಿಸಿಲಿಗೆ ತೆರೆದುಕೊಂಡ ಮೇಲೆ ಕಬ್ಬಿಣದ ಅಂಶದಿಂದಾಗಿ ಕಲ್ಲಾಗುತ್ತದೆ. ನಿನ್ನೆ ಸಂಜೆ ನಯವಾಗಿ ಹೆರೆದ ಮೈ ಮರುದಿನ ಮಧ್ಯಾಹ್ನಕ್ಕೆ ಅಲಗನ್ನು ವಾಪಸು ತಳ್ಳುತ್ತದೆ. ಅದರೊಳಗಿನ ಹರಳುಗಳು ಅಂಚನ್ನು ಸವೆಸುತ್ತವೆ, ಕತ್ತು ತಿರುಚಿಕೊಳ್ಳುತ್ತದೆ, ವೆಲ್ಡ್ ಬಿಡುತ್ತದೆ.

ಮಾರ್ಷಲ್‌ಟೌನ್ ಅಲಗು ತುಸು ಬಳುಕುತ್ತದೆ. ನದಿ ದಂಡೆಯ ಮೆಕ್ಕಲು ಮಣ್ಣಿನಲ್ಲಿ ಆ ಬಳುಕು ಹಿತ, ಅಗಲವಾಗಿ ಒಂದೇ ಸಮ ಹೆರೆಯಬಹುದು. ಹರಳು ತುಂಬಿದ ಕೆಂಪು ನೆಲದಲ್ಲಿ ಅಲಗು ಹಾರಿ ಹಾರಿ ಹೋಗುತ್ತದೆ. 5 ಇಂಚಿನ ಮೂತಿ ಮಡಕೆಚೂರುಗಳ ನಡುವೆ ಆಡಲು ದೊಡ್ಡದೇ. ಡಬ್ಲ್ಯೂಎಚ್‌ಎಸ್ ಬಿರುಸು, ಮೂತಿ ಗಿಡ್ಡ, ಕೈಯ ಒತ್ತಡ ನೇರವಾಗಿ ಅಂಚಿಗೆ ಇಳಿಯುತ್ತದೆ. ದೋಷವೆಂದರೆ ಬೆಲೆ. ಸಾಗಾಟ, ಸುಂಕ ಸೇರಿದರೆ ಊರಿನದಕ್ಕಿಂತ ಹಲವು ಪಟ್ಟು ಆಗುತ್ತದೆ. ಬರುವುದೂ ತಡ, ಹಾಗಾಗಿ ಶಿಬಿರಕ್ಕೆ ಎರಡು ತಿಂಗಳು ಇರುವಾಗಲೇ ಹೇಳಿಡಿ.

ಊರಿನ ಕರಣೆ ಕೊಳ್ಳುವಾಗ 6 ಇಂಚಿನದನ್ನು ಹಿಡಿದು ಕತ್ತನ್ನು ನೋಡಿ. ರಿವೆಟ್ ಕಂಡರೆ ಬಿಡಿ. ವೆಲ್ಡ್ ಆಗಿದ್ದರೆ ಸುತ್ತಲೂ ತುಂಬಿದೆಯೇ, ಎರಡು ಚುಕ್ಕೆ ಮಾತ್ರ ಇದೆಯೇ ನೋಡಿ. ಮೂತಿಯನ್ನು ಹಲಗೆಗೆ ಒತ್ತಿ ಸ್ವಲ್ಪ ಬಗ್ಗಿಸಿ. ಬಿಟ್ಟ ಕೂಡಲೇ ನೆಟ್ಟಗಾದರೆ ಉಕ್ಕು ಸರಿ, ಬಾಗಿದಲ್ಲೇ ನಿಂತರೆ ತಗಡು. ಆಮೇಲೆ ಆಚಾರರಲ್ಲಿ 4 ಇಂಚಿಗೆ ಗುರುತು ಹಾಕಿಸಿ ಕತ್ತರಿಸಿ. ಸಾಣೆಗೆ ಹಿಡಿಯುವಾಗ ಐದಾರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಲು ಹೇಳುವುದನ್ನು ಮರೆಯಬೇಡಿ. ಅಲಗು ನೀಲಿಗಟ್ಟಿದರೆ ಹದ ಹೋಯಿತೆಂದೇ ಲೆಕ್ಕ, ಮತ್ತೆಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ. ಎರಡೂ ಬದಿಯ ಅಂಚು ನೇರವಾಗಿರಲಿ. ಚಾಕುವಿನಷ್ಟು ಚೂಪು ಬೇಡ, ಮೂತಿ ಸೂಜಿಯಾಗುವುದಂತೂ ಬೇಡವೇ ಬೇಡ. ಕೊನೆಗೆ ಅಲಗಿನ ಬಣ್ಣ, ವಾರ್ನಿಶ್ ಪೂರ್ತಿ ಉಜ್ಜಿ ತೆಗೆಯಿರಿ. ಅದರ ಹಕ್ಕಳೆ ಪರೀಕ್ಷೆಗೆ ಎತ್ತುವ ಮಾದರಿ ಮಣ್ಣಿಗೆ ಬೀಳುತ್ತದೆ.

ಬಳಸುವ ರೀತಿ ತಪ್ಪಿದರೆ ಯಾವ ಕರಣೆಯೂ ಬಾಳುವುದಿಲ್ಲ. ಅಂಚನ್ನು ಓರೆಯಾಗಿ ಹಿಡಿದು ನಿಮ್ಮ ಕಡೆಗೆ ಎಳೆಯಬೇಕು, ಹೆರೆಯುತ್ತ ಹಿಂದೆ ಸರಿಯಬೇಕು. ಆಗ ಶುಚಿಯಾದ ನೆಲವನ್ನು ತುಳಿದಂತಾಗುವುದಿಲ್ಲ. ಮೂತಿಯಿಂದ ಚೂರನ್ನು ಮೀಟಬೇಡಿ. ಸುತ್ತಲ ಮಣ್ಣು ಇಳಿದರೆ ಅದು ತಾನೇ ಸಡಿಲವಾಗುತ್ತದೆ. ಕರಣೆಯ ನಿಜವಾದ ಪರೀಕ್ಷೆ ನಡೆಯುವುದು ಗುಂಡಿಯ ಗೋಡೆಯಲ್ಲಿ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1944ರಲ್ಲಿ ತಕ್ಷಶಿಲೆಯ ತರಬೇತಿ ಶಿಬಿರದಲ್ಲಿ ಕಲಿಸಿ, 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅನುಸರಿಸಿದ ಪದ್ಧತಿಯಲ್ಲಿ, ಚೌಕಗಳ ನಡುವೆ ಉಳಿಸುವ ಮಣ್ಣಿನ ಗೋಡೆಯೇ ಪದರಗಳ ದಾಖಲೆ. ತೂಗುಗುಂಡು ಇಳಿಬಿಟ್ಟು ಅದನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಹೆರೆಯಬೇಕು. ಅಂಚು ಡೊಂಕಾದ ಕರಣೆ ಇಲ್ಲಿ ಗೆರೆ ಕೊರೆಯುತ್ತದೆ, ಆ ಗೆರೆ ಪದರದ ಗಡಿಯಂತೆ ಕಂಡು ನಕ್ಷೆಯೇ ತಪ್ಪಾಗಬಹುದು. ಚಿರೆಮಣ್ಣಿನ ಗೋಡೆ ಒಣಗಿದ್ದರೆ ಹೆರೆಯುವ ಮೊದಲು ನೀರು ಸಿಂಪಡಿಸಿ. ತುಂತುರು ಸಾಕು, ಸುರಿದರೆ ಕೆಸರು ಕೆಳಗಿಳಿದು ಪದರಗಳ ಬಣ್ಣ ಮಸಕಾಗುತ್ತದೆ. ಕರಾವಳಿಯ ಮರಳಿನಲ್ಲಿ ಗೋಡೆ ನಿಲ್ಲುವುದೇ ಇಲ್ಲ, ಅಲ್ಲಿ ಕರಣೆಗಿಂತ ಕುಂಚ, ಮೊರಗಳ ಕೆಲಸವೇ ಹೆಚ್ಚು.

ಉಪ್ಪುಗಾಳಿಗೆ ಈ ಮೂರೂ ಕರಣೆಗಳು ತುಕ್ಕು ಹಿಡಿಯುತ್ತವೆ. ಸಂಜೆ ತೊಳೆದು, ಒರೆಸಿ, ತೆಳ್ಳಗೆ ತೆಂಗಿನೆಣ್ಣೆ ಸವರುವುದು ನಮ್ಮಲ್ಲಿ ಸಹಜ. ಆದರೆ ಬೆಳಿಗ್ಗೆ ಸಾಬೂನಿನಿಂದ ಅದನ್ನು ತೊಳೆಯಲೇಬೇಕು. ಕಾಲ ನಿರ್ಣಯಕ್ಕೆಂದು ಎತ್ತುವ ಇದ್ದಿಲಿಗೆ ಎಣ್ಣೆ ತಾಗಿದರೆ ಇಂದಿನ ಇಂಗಾಲ ಸೇರಿ ಲೆಕ್ಕ ಕೆಡುತ್ತದೆ. ಇದ್ದಿಲನ್ನು ಕೈಯಿಂದ ಮುಟ್ಟದೆ ಅಲ್ಯೂಮಿನಿಯಂ ಹಾಳೆಗೆ ಹಾಕಬೇಕು. ಡಿಸೆಂಬರಿನಿಂದ ಮೇ ತನಕ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯವಿರುವುದರಿಂದ, ಮಂಡಿಯೂರಿ ಕೂರುವವರು ಅದನ್ನು ಹರಡುವ ಉಣುಗು ತಡೆಯಲು ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಆ ಕೈಗೂ ಇದೇ ಮಾತು: ಮಾದರಿ ಎತ್ತುವ ಮೊದಲು ತೊಳೆದು, ಹೊಸ ಕೈಗವಸು ಹಾಕಿ.

ಜೊತೆಗೊಯ್ಯುವ ಉಳಿದವು ಇಲ್ಲೇ ಸಿಗುತ್ತವೆ. ಎರಡಿಂಚಿನ ಪೇಂಟ್ ಕುಂಚ, 5 ಮೀಟರ್ ಟೇಪು, 4ಎಚ್ ಪೆನ್ಸಿಲ್. ಚೀಟಿ ಬರೆಯಲು ಪೆನ್ಸಿಲ್ಲೇ ಸರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಮೂಳೆ ಬಿಡಿಸಲು ಬಿದಿರಿನ ಕಡ್ಡಿ ಚೂಪು ಮಾಡಿಟ್ಟುಕೊಳ್ಳಿ, ಲೋಹ ತಾಗಿದರೆ ಗೀರು ಬೀಳುತ್ತದೆ. ಮಣ್ಣು ತುಂಬಲು ಪ್ಲಾಸ್ಟಿಕ್ ಮೊರಕ್ಕಿಂತ ಅಡಿಕೆ ಹಾಳೆಯ ತುಂಡು ಒಳ್ಳೆಯದು. ಅದರ ಅಂಚು ನೆಲದ ಉಬ್ಬುತಗ್ಗಿಗೆ ಬಾಗುತ್ತದೆ, ಹೆರೆದ ಮೈಗೆ ಗೀರಾಗುವುದಿಲ್ಲ.

ಹೊಸ ಕರಣೆಯನ್ನು ಬನವಾಸಿ, ಗುಡ್ನಾಪುರ, ಸೋಂದಾ, ಮಿರ್ಜಾನ್ ಕೋಟೆಯ ಆಸುಪಾಸಿನಲ್ಲಿ ಪ್ರಯೋಗಿಸಲು ಹೋಗಬೇಡಿ. ಸಂರಕ್ಷಿತ ಜಾಗದಲ್ಲಿ ಅಗೆಯಲು ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯಂತೆ ಪರವಾನಗಿ ಬೇಕು. ಅದಕ್ಕಿಂತ ದೊಡ್ಡದು, ಒಮ್ಮೆ ಕೆದಕಿದ ಪದರ ಮತ್ತೆ ಕೂಡುವುದಿಲ್ಲ. ಮನೆಯ ಹಿತ್ತಿಲಲ್ಲೇ ಒಂದು ಮೀಟರ್ ಚೌಕದ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಮರಳು, ಒಲೆಯ ಬೂದಿ, ಕೆಂಪು ಮಣ್ಣನ್ನು ನಾಲ್ಕು ನಾಲ್ಕು ಇಂಚು ಹಾಕಿ ನೀರು ಚಿಮುಕಿಸಿ ತುಳಿಯಿರಿ, ನಡುನಡುವೆ ಒಡೆದ ಮಡಕೆ ಹೂತಿಡಿ. ಹದಿನೈದು ದಿನ ಬಿಟ್ಟು ಒಂದೊಂದೇ ಪದರ ಬಿಡಿಸಿ. ಬೂದಿಯ ಪದರಕ್ಕೆ ಮರಳು ಬೆರೆಯದೆ ಎತ್ತಲು ಬಂದರೆ ನಿಮ್ಮ ಅಂಚು, ಕೈ ಎರಡೂ ಹದಕ್ಕೆ ಬಂದಿವೆ. ದೂರದ ಶಿಬಿರಕ್ಕೆ ವಿಮಾನದಲ್ಲಿ ಹೋಗುವವರು ಕರಣೆಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ದೊಡ್ಡ ಬ್ಯಾಗಿನಲ್ಲಿ, ಮೂತಿಗೆ ದಪ್ಪ ಬಟ್ಟೆ ಸುತ್ತಿ ಹಾಕಿ.