ಕೆರೆಗಳ ವಿಂಗಡಣೆ: ಕೋಡ್ ಪಟ್ಟಿಯೋ, ಟ್ಯಾಗೋ, ಆಂಟಾಲಜಿಯೋ?

ಜಿಲ್ಲೆಯ ಕೆರೆಗಳನ್ನು ಡೇಟಾಬೇಸಿನಲ್ಲಿ ವಿಂಗಡಿಸಲು ಯಾವುದು ಸರಿ ಎಂದು ಕೇಳಿದ್ದೀರಿ. ಜಿಯೋನೇಮ್ಸ್ (ಸ್ಥಳನಾಮಗಳ ಡೇಟಾಬೇಸ್) ಕೋಡ್, ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ) ಟ್ಯಾಗ್, ಅಂದರೆ ಸ್ಥಳಕ್ಕೆ ಅಂಟಿಸುವ ಗುರುತುಪದ, ಓಡಬ್ಲ್ಯುಎಲ್ ಆಂಟಾಲಜಿ, ಅಂದರೆ ವರ್ಗಗಳನ್ನೂ ಅವುಗಳ ಸಂಬಂಧದ ನಿಯಮಗಳನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಓಡಬ್ಲ್ಯುಎಲ್ ಭಾಷೆಯಲ್ಲಿ ಬರೆದಿಡುವುದು, ಈ ಮೂರನ್ನು ನೋಡೋಣ.

ಕೆಲಸ ಕಡಿಮೆ ಇರುವುದು ಕೋಡ್‌ನಲ್ಲಿ. 9 ದೊಡ್ಡ ವರ್ಗಗಳು, ಒಂದು ದಾಖಲೆಗೆ ಒಂದೇ ಕೋಡ್. ಆದರೆ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ ಹೌದು, ಪಕ್ಷಿ ಸಂರಕ್ಷಣಾ ಮೀಸಲೂ ಹೌದು. ಒಂದನ್ನು ಬಿಡಬೇಕು, ಇಲ್ಲಾ ಎರಡು ದಾಖಲೆ ಮಾಡಬೇಕು. ಟ್ಯಾಗ್‌ನಲ್ಲಿ ಈ ಕಿರಿಕಿರಿ ಕಡಿಮೆ, ಊರವರೂ ಸೇರಿಸಬಹುದು. ಆದರೆ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ, ಅದೇ ತಲೆನೋವು.

ತಪ್ಪು ಹಿಡಿಯುವುದರಲ್ಲಿ ಆಂಟಾಲಜಿ ಮುಂದು. ‘ಏರಿ ಇದ್ದರೆ ಮನುಷ್ಯ ಕಟ್ಟಿದ್ದು’, ‘ಮನುಷ್ಯ ಕಟ್ಟಿದ್ದು ನೈಸರ್ಗಿಕವಲ್ಲ’ ಎಂದು ಬರೆದಿಡಿ. ಏರಿ ಇರುವ ಕೆರೆಯನ್ನು ಯಾರಾದರೂ ನೈಸರ್ಗಿಕ ಎಂದರೆ ರೀಸನರ್ (ನಿಯಮಗಳಿಂದ ತರ್ಕಿಸುವ ತಂತ್ರಾಂಶ) ಎರಡೂ ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ತೋರಿಸುತ್ತದೆ. ಆದರೆ ಏರಿಯ ಮಾಹಿತಿ ಖಾಲಿ ಬಿಟ್ಟರೆ ಅದು ಸುಮ್ಮನಿರುತ್ತದೆ! ಹೇಳದೇ ಇರುವುದನ್ನು ‘ಇಲ್ಲ’ ಎಂದು ಅದು ಎಣಿಸುವುದಿಲ್ಲ. ಖಾಲಿ ಜಾಗ ಹಿಡಿಯಲು ಶಾಕಲ್ (SHACL, ಡೇಟಾ ಸರಿಯಾಗಿ ತುಂಬಿದೆಯೇ ಎಂದು ಪರೀಕ್ಷಿಸುವ ಭಾಷೆ) ನಿಯಮಗಳು ಬೇಕು.

ಕಾಲ ಕಳೆದಂತೆ ಕೆರೆ ಬದಲಾಗುವುದನ್ನು ಹಿಡಿದಿಡುವುದು ಮೂರಕ್ಕೂ ಕಷ್ಟ. ಧರ್ಮಾಂಬುಧಿ ಕೆರೆಯಂಗಳ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಕೆರೆ ಎಂದರೆ ನೀರೋ, ಅಂಗಳವೋ? ಆಂಟಾಲಜಿ ಈ ಪ್ರಶ್ನೆಯನ್ನು ಮೊದಲೇ ಕೇಳಿಸುತ್ತದೆ, ನನಗೆ ಅದೇ ಇಷ್ಟ.

ಬೇಗ ಪಟ್ಟಿ ಬೇಕಿದ್ದರೆ ಕೋಡ್ ಸಾಕು. ಸ್ವಯಂಸೇವಕರು ನಕ್ಷೆ ಮಾಡುತ್ತಿದ್ದರೆ ಟ್ಯಾಗ್. ನಾಲ್ಕಾರು ಇಲಾಖೆಗಳ ಡೇಟಾ ಬೆಸೆಯಬೇಕು, ನಿಯಮ ಬರೆಯಬಲ್ಲವರೂ ಇದ್ದಾರೆ ಅಂದರೆ ಆಂಟಾಲಜಿ, ಅದೂ ಹತ್ತಿಪ್ಪತ್ತು ವರ್ಗಗಳಿಂದ ಶುರುಮಾಡಿ.