ಪ್ರತ್ಯಯ ಅಂಟುವ ಜಾಗದಲ್ಲಿ: ಮಾರ್ಕ್‌ಡೌನ್, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್, ಆಸ್ಕಿಡಾಕ್

ವಚನಗಳೂ ಅಡಿಟಿಪ್ಪಣಿಗಳೂ ತುಂಬಿದ್ದ ನನ್ನದೊಂದು ಲೇಖನವನ್ನು ಸಾದಾ ಪಠ್ಯದಲ್ಲೇ ಚಿಹ್ನೆಗಳನ್ನಿಟ್ಟು ವಿನ್ಯಾಸ ಸೂಚಿಸುವ ಮೂರು ಸರಳ ಗುರುತು ಭಾಷೆಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಸಿದ್ಧಪಡಿಸಿ ನೋಡಿದೆ: ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಮಾರ್ಕ್‌ಡೌನ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬಳಗದಲ್ಲಿ ಬೆಳೆದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಮತ್ತು ಆಸ್ಕಿಡಾಕ್. ಕೋಷ್ಟಕ, ಕೊಂಡಿಗಳ ಮಾತು ಹಾಗಿರಲಿ, ಕನ್ನಡದಲ್ಲಿ ಇವುಗಳ ಅಂತರ ವಿಭಕ್ತಿ ಪ್ರತ್ಯಯ ಅಂಟುವ ಜಾಗದಲ್ಲೇ ಎದುರಾಗುತ್ತದೆ.

‘ಶಾಸನದಲ್ಲಿ’ ಎಂಬ ಪದದಲ್ಲಿ ‘ಶಾಸನ’ವನ್ನಷ್ಟೇ ಓರೆಯಾಗಿಸಬೇಕೆಂದರೆ ಮಾರ್ಕ್‌ಡೌನಿನಲ್ಲಿ `*ಶಾಸನ*ದಲ್ಲಿ` ಎಂದು ಬರೆದರೆ ಸಾಕು. ಆದರೆ ನಕ್ಷತ್ರದ ಬದಲು ಅಡಿಗೆರೆ (`_`) ಬಳಸಿದರೆ, ಮಾರ್ಕ್‌ಡೌನಿನ ನಿಯಮಗಳನ್ನು ಖಚಿತಪಡಿಸಿದ ಕಾಮನ್‌ಮಾರ್ಕ್‌ನಂತೆ ಪದದ ನಡುವೆ ಅದಕ್ಕೆ ಬೆಲೆಯಿಲ್ಲ. ಇನ್ನೂ ನಯವಾದ ಬಲೆಯೊಂದಿದೆ: ದಪ್ಪಕ್ಷರಕ್ಕಾಗಿ `**“ಶಾಸನ”**ದಲ್ಲಿ` ಎಂದು ಬರೆದಾಗ, ಮುಚ್ಚುವ ನಕ್ಷತ್ರಗಳ ಹಿಂದೆ ಉದ್ಧರಣ ಚಿಹ್ನೆಯೂ ಮುಂದೆ ಅಕ್ಷರವೂ ಇರುವುದರಿಂದ, ಅವು ಮುಚ್ಚದೆ ಹಾಗೆಯೇ ಪರದೆಯ ಮೇಲೆ ಉಳಿದುಬಿಡುತ್ತವೆ. ಇದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಉದ್ಧರಣ ಚಿಹ್ನೆಯನ್ನು ನಕ್ಷತ್ರಗಳ ಹೊರಗಿಟ್ಟರೆ ಸರಿಹೋಗುತ್ತದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ `*ಶಾಸನ*\ ದಲ್ಲಿ` ಎಂದು ಪ್ರತಿಸಲವೂ ಒಂದು ಬ್ಯಾಕ್‌ಸ್ಲ್ಯಾಶ್ ಮತ್ತು ತೆರಪು ಬೇಕು. ಪುಟವೊಂದರಲ್ಲಿ ಇಂಥವು ಇಪ್ಪತ್ತಾದರೆ ಮೂಲಪ್ರತಿಯನ್ನು ಓದುವುದೇ ಶಿಕ್ಷೆ. ಆಸ್ಕಿಡಾಕ್‌ನಲ್ಲಿ ಚಿಹ್ನೆಯನ್ನು ಇಮ್ಮಡಿಸಿ `__ಶಾಸನ__ದಲ್ಲಿ` ಎಂದರೆ ಮುಗಿಯಿತು, ಉದ್ಧರಣ ಚಿಹ್ನೆಯ ತಕರಾರೂ ಇಲ್ಲ. ‘ಊರಿನಲ್ಲಿ’ ಎಂಬಂತೆ ಪ್ರಕೃತಿಯ ಕೊನೆಯ ಸ್ವರವೇ ಕರಗಿಹೋದ ಕಡೆ ಮಾತ್ರ ಮೂರೂ ಅಸಹಾಯಕ. ಅಲ್ಲಿ ಇಡೀ ಪದವನ್ನೇ ಓರೆಯಾಗಿಸಿದೆ.

ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಶೀರ್ಷಿಕೆಯ ಅಡಿಗೆರೆಯನ್ನೂ ಅಳೆಯುತ್ತದೆ. ‘ಮುನ್ನುಡಿ’ ನಮ್ಮ ಎಣಿಕೆಗೆ ಮೂರೇ ಅಕ್ಷರವಾದರೂ, ಸ್ವರಚಿಹ್ನೆಗಳನ್ನು ಅದು ಬೇರೆಯಾಗಿ ಲೆಕ್ಕ ಹಿಡಿಯುವುದರಿಂದ, ಕೆಳಗೆ ಮೂರೇ ಗೆರೆಚಿಹ್ನೆಗಳನ್ನು (`===`) ಹಾಕಿದರೆ ಅದನ್ನು ಶೀರ್ಷಿಕೆಯೆಂದು ಒಪ್ಪುವುದಿಲ್ಲ.

ವಚನಗಳ ಸಾಲು ಮುರಿಯಲು ಮಾರ್ಕ್‌ಡೌನಿನಲ್ಲಿ ಸಾಲಿನ ಕೊನೆಗೆ ಎರಡು ತೆರಪು ಬಿಡಬೇಕು. ಕಡತ ಉಳಿಸುವಾಗ ನನ್ನ ಸಂಪಾದಕ ತಂತ್ರಾಂಶ ಅವನ್ನು ಅಳಿಸಿಹಾಕಿ, ವಚನವನ್ನು ಗದ್ಯವಾಗಿಸಿತು. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಸಾಲಿನ ಆರಂಭಕ್ಕೆ ಲಂಬಗೆರೆ ಸಾಕು. ಆಸ್ಕಿಡಾಕ್‌ನಲ್ಲಿ ಪದ್ಯಕ್ಕೆಂದೇ ಒಂದು ಚೌಕಟ್ಟಿದ್ದು, ವಚನಕಾರರ ಹೆಸರಿಗೂ ಅದರಲ್ಲೇ ಸ್ಥಳವಿದೆ. ಅಡಿಟಿಪ್ಪಣಿ ಮೂಲ ಮಾರ್ಕ್‌ಡೌನಿನಲ್ಲಿ ಇಲ್ಲ, ಉಳಿದೆರಡರಲ್ಲಿ ಇದೆ.

ಸಣ್ಣ ಟಿಪ್ಪಣಿಗಳಿಗೆ ನಾನು ಮಾರ್ಕ್‌ಡೌನನ್ನು ಬಿಟ್ಟಿಲ್ಲ, ಏಕೆಂದರೆ ಎಲ್ಲಿಗೆ ಒಯ್ದರೂ ಅದು ನಡೆಯುತ್ತದೆ. ಪದ್ಯವಿರುವ ಲೇಖನಗಳೆಲ್ಲ ಆಸ್ಕಿಡಾಕ್‌ಗೆ ಸರಿದಿವೆ. ‘೧.’ ಎಂದು ಆರಂಭಿಸಿದ ಸಾಲನ್ನು ಮೂರೂ ಪಟ್ಟಿಯೆಂದು ಗುರುತಿಸಲಿಲ್ಲವಾದ್ದರಿಂದ, ‘1.’ ಎಂದೇ ಬರೆದು, ಜಾಲಪುಟದ ವಿನ್ಯಾಸ ಭಾಷೆಯಾದ ಸಿಎಸ್‌ಎಸ್‌ನ ಕನ್ನಡ ಅಂಕಿ ಶೈಲಿಯಿಂದ ಪರದೆಯಲ್ಲಿ ‘೧’ ಮೂಡಿಸುತ್ತಿದ್ದೇನೆ.