ಸದ್ದಿಗೆ ಮದ್ದು: ಎರಡು ಮಾದರಿ ಇಂಜಿನ್‌ಗಳ ಮೇಲೆ ನಾಲ್ಕು ಪ್ರಯೋಗ

ನನ್ನ ಬಳಿ ಎಚ್‌ಓ ಅಳತೆಯ, ಅಂದರೆ ನಿಜದ ಗಾತ್ರದ 87ರಲ್ಲಿ ಒಂದು ಪಾಲಿನ, ಎರಡು ಹಳೆಯ ಮಾದರಿ ರೈಲು ಇಂಜಿನ್‌ಗಳಿವೆ. ಎರಡೂ ಅಮೆರಿಕದಲ್ಲಿ 1972ರಲ್ಲಿ ಹಳಿಗಿಳಿದ ಎಸ್‌ಡಿ40-2 ಎಂಬ ಆರು ಅಚ್ಚಿನ ಡೀಸೆಲ್ ಇಂಜಿನ್ನಿನ ಮಾದರಿಗಳು. ಒಂದೇ ಕಾರ್ಖಾನೆಯವು, ಒಂದೇ ವಿನ್ಯಾಸದವು, ಬಣ್ಣ ಮಾತ್ರ ಒಂದರದು ನೀಲಿ, ಇನ್ನೊಂದರದು ಹಳದಿ. ಬೆಂಗಳೂರಿನ ನನ್ನ ಮನೆಗೆ ಬಂದ ದಿನದಿಂದಲೂ ಎರಡೂ ಚಟ್ನಿ ರುಬ್ಬುವ ಮಿಕ್ಸಿಯಂತೆ ಅರಚುತ್ತಿದ್ದವು. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನ ಹತ್ತಿರ ನಿಂತು ಇದೇ ವಂಶದ ದೊಡ್ಡ ಇಂಜಿನ್‌ಗಳ ಸದ್ದನ್ನು ಮೆಚ್ಚಿ ಕೇಳಿದವನು ನಾನು. ಆದರೆ ಆ ಸದ್ದಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಜೋಡಿ ಇಂಜಿನ್ ಕೈಯಲ್ಲಿದ್ದುದರಿಂದ, ಹವ್ಯಾಸಿಗಳು ಸಾಮಾನ್ಯವಾಗಿ ಸೂಚಿಸುವ ನಾಲ್ಕು ಮದ್ದುಗಳನ್ನು ಒಂದಕ್ಕೊಂದು ಎದುರಾಗಿ ಇಟ್ಟು ನೋಡುವ ಅವಕಾಶ ಒದಗಿತು.

ಮದ್ದಿಗೆ ಮೊದಲು ರೋಗ ಎಲ್ಲಿದೆಯೆಂದು ತಿಳಿಯಬೇಕಿತ್ತು. ಇವುಗಳಲ್ಲಿ ನಡುವೆ ಒಂದು ಮೋಟಾರ್, ಅದರ ಎರಡೂ ಬದಿಗೆ ಹಿತ್ತಾಳೆಯ ಫ್ಲೈವೀಲ್, ಅಲ್ಲಿಂದ ಎರಡು ಪುಟ್ಟ ಶಾಫ್ಟ್‌ಗಳು, ಕೊನೆಗೆ ಪ್ರತಿ ಬೋಗಿಯ ನೆತ್ತಿಯ ಮೇಲೆ ಒಂದು ಲೋಹದ ವರ್ಮ್ (ತಿರುಪಿನಂತೆ ಸುರುಳಿ ಹಲ್ಲಿರುವ ಗೇರ್) ಮತ್ತು ಅದರ ಕೆಳಗೆ ಪ್ಲಾಸ್ಟಿಕ್ ಗೇರ್‌ಗಳು ಇರುತ್ತವೆ. (ನಮ್ಮಲ್ಲಿ ಬೋಗಿ ಎಂದರೆ ಪ್ರಯಾಣಿಕರ ಡಬ್ಬಿಯೆಂದೇ ರೂಢಿ, ಇಲ್ಲಿ ಆ ಮಾತು ಚಕ್ರಗಳನ್ನು ಹಿಡಿದಿಡುವ ಚೌಕಟ್ಟಿಗೆ ಸಲ್ಲುತ್ತದೆ.) ಇಂಜಿನ್ನನ್ನು ಸ್ಪಂಜಿನ ಮೇಲೆ ಅಂಗಾತ ಮಲಗಿಸಿ, ಶಾಫ್ಟ್‌ಗಳನ್ನು ಕಳಚಿ, ಮೋಟಾರನ್ನಷ್ಟೇ ಓಡಿಸಿದರೆ ಅರ್ಧ ಉತ್ತರ ಸಿಕ್ಕಂತೆಯೇ. ಆಗ ಕೇಳಿಸುವ ತೆಳುವಾದ ಕೀಚಲು ದನಿ ಒಣಗಿದ ಬುಶ್‌ನದು, ಅಂದರೆ ಮೋಟಾರಿನ ಶಾಫ್ಟ್ ತಿರುಗಲು ಆಧಾರವಾದ ಪುಟ್ಟ ಕೊಳವೆಯದು. ಶಾಫ್ಟ್ ಜೋಡಿಸಿದೊಡನೆ ಸೇರಿಕೊಳ್ಳುವ ಗುರುಗುಟ್ಟುವಿಕೆ ವರ್ಮ್ ಮತ್ತು ಗೇರ್‌ಗಳದು. ಇಳಿಜಾರಿನಲ್ಲಿ ಮಾತ್ರ ಬರುವ ಗಡಗಡ ಶಬ್ದ ವರ್ಮ್ ತನ್ನ ಜಾಗದಲ್ಲಿ ಹಿಂದುಮುಂದಾಗಿ ಸರಿಯುವುದರಿಂದ ಹುಟ್ಟುತ್ತದೆ. ಚಕ್ರದ ಪ್ರತಿ ಸುತ್ತಿಗೂ ಒಮ್ಮೆ, ಎಂದರೆ ಈ ಅಳತೆಯಲ್ಲಿ ಹಳಿಯ ಮೇಲೆ ಸುಮಾರು 37 ಮಿ.ಮೀ.ಗೆ ಒಮ್ಮೆ, ಟಕ್ ಎಂದರೆ ಅಚ್ಚಿನ ಗೇರ್ ಬಿರುಕು ಬಿಟ್ಟಿದೆಯೆಂದು ತಿಳಿಯಬೇಕು. ಅದಕ್ಕೆ ಎಣ್ಣೆಯೂ ನಾಟದು, ಆ ಜಾರು ಪ್ಲಾಸ್ಟಿಕ್ಕಿಗೆ ಅಂಟೂ ಹಿಡಿಯದು, ಹೊಸ ಗೇರ್ ಹಾಕುವುದೊಂದೇ ದಾರಿ. ನನ್ನ ಎರಡರಲ್ಲೂ ಆ ತೊಂದರೆ ಇರಲಿಲ್ಲ. ಉಳಿದ ಮೂರೂ ಇದ್ದವು.

ಸದ್ದನ್ನು ಅಳೆಯಲು ಮೊಬೈಲಿನ ಆ್ಯಪ್ ಒಂದನ್ನು ಬಳಸಿದೆ. ಅದರ ಅಂಕಿಗಳು ಪ್ರಯೋಗಶಾಲೆಗೆ ಒಪ್ಪುವಂಥವಲ್ಲವಾದರೂ, ಒಂದೇ ಕೋಣೆ, ಒಂದೇ ಹಲಗೆ, 30 ಸೆಂ.ಮೀ. ದೂರ ಮತ್ತು 9 ವೋಲ್ಟ್ ಎಂದು ನಿಗದಿ ಮಾಡಿಕೊಂಡರೆ ಒಂದನ್ನು ಇನ್ನೊಂದರೊಡನೆ ಹೋಲಿಸಲು ಸಾಕು. ಮೊದಲ ದಿನ ನೀಲಿ 71 ಡೆಸಿಬಲ್ ತೋರಿಸಿತು, ಹಳದಿ 70.

ಮೊದಲನೆಯ ಸ್ಪರ್ಧೆ ಹೊಲಿಗೆ ಯಂತ್ರದ ಎಣ್ಣೆಗೂ ಪ್ಲಾಸ್ಟಿಕ್ಕಿಗೆ ಹಾನಿಯಾಗದಂತೆ ಮಾದರಿ ರೈಲಿಗೆಂದೇ ತಯಾರಾಗುವ ಲಾಬೆಲ್ 108 ಎಣ್ಣೆ ಹಾಗೂ 106 ಗ್ರೀಸಿನ ಜೋಡಿಗೂ ನಡೆಯಿತು. ನೀಲಿಯ ಹಳೆಯ ಗ್ರೀಸನ್ನು ಮುಟ್ಟದೆ, ಅದರ ಮೇಲೆಯೇ ಹೊಲಿಗೆ ಎಣ್ಣೆಯನ್ನು ಬಿಟ್ಟೆ. ಹಳದಿಯ ಗೇರ್‌ಗಳನ್ನೆಲ್ಲ ಬಿಚ್ಚಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಬುಶ್‌ಗೆ ಒಂದೊಂದು ಹನಿ ಎಣ್ಣೆ, ಗೇರ್‌ಗೆ ತೆಳ್ಳಗೆ ಗ್ರೀಸ್ ಹಚ್ಚಿದೆ. ನೀಲಿ ಎರಡು ಸಂಜೆ ಸುಮ್ಮನಿದ್ದು ಮೂರನೆಯ ಸಂಜೆ ಮೊದಲಿಗಿಂತ ಹೆಚ್ಚು ಕೂಗಿತು: ಬಂಕೆಯಾಗಿ ಗಟ್ಟಿಗೊಂಡಿದ್ದ ಹಳೆಯ ಗ್ರೀಸ್ ಎಣ್ಣೆಯಲ್ಲಿ ಕರಗಿ, ಸಿಡಿದು, ಮೋಟಾರಿನ ಸುರುಳಿಗಳಿಗೆ ವಿದ್ಯುತ್ ಮುಟ್ಟಿಸುವ ತಿರುಗುವ ಭಾಗವಾದ ಕಮ್ಯುಟೇಟರ್ ಮೇಲೆ ಕೂತು ಕಿಡಿ ಹಾರಿಸತೊಡಗಿತ್ತು. ಹಳದಿಯದು 66ಕ್ಕೆ ಇಳಿದು ಅಲ್ಲೇ ನಿಂತಿತು.

ಇಲ್ಲಿಗೇ ತೀರ್ಪು ಕೊಟ್ಟಿದ್ದರೆ ಹೊಲಿಗೆ ಎಣ್ಣೆಗೆ ಅನ್ಯಾಯವಾಗುತ್ತಿತ್ತು. ಹಾಗಾಗಿ ನೀಲಿಯನ್ನೂ ಅಷ್ಟೇ ಶ್ರದ್ಧೆಯಿಂದ ತೊಳೆದು, ಕಮ್ಯುಟೇಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮತ್ತೆ ಅದೇ ಎಣ್ಣೆಯನ್ನು ಹಾಕಿದೆ. ಈ ಬಾರಿ ಮೋಟಾರಿನ ಬುಶ್‌ಗಳ ಮಟ್ಟಿಗೆ ಎರಡು ಇಂಜಿನ್‌ಗಳ ನಡುವೆ ನನ್ನ ಕಿವಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಕೀಚಲು ದನಿ ಎರಡರಲ್ಲೂ ಹೋಯಿತು. ಗೇರ್‌ಗಳಲ್ಲಿ ಮಾತ್ರ ತೆಳು ಎಣ್ಣೆ ಹತ್ತು ದಿನಗಳೊಳಗೆ ಸಿಡಿದು ಹೋಗಿ ಸದ್ದು ಮರಳಿತು, ಗ್ರೀಸ್ ಅಲ್ಲೇ ಉಳಿಯಿತು. ಒಟ್ಟಿನಲ್ಲಿ ಹೆಚ್ಚಿನ ಫಲ ಕೊಟ್ಟದ್ದು ಸಾಬೂನು ನೀರು. ದುಬಾರಿ ಸೀಸೆಯ ಎಣ್ಣೆಗೆ ಆ ಕೀರ್ತಿಯನ್ನು ಕೊಡಲು ನಾನು ಸಿದ್ಧನಿಲ್ಲ, ಗ್ರೀಸಿಗೆ ಕೊಡುತ್ತೇನೆ.

ಎರಡನೆಯದು ಟೂತ್‌ಪೇಸ್ಟ್. ಅದರಲ್ಲಿರುವ ನಯವಾದ ಪುಡಿ ಗೇರ್ ಹಲ್ಲುಗಳ ಒರಟನ್ನು ತೇಯುತ್ತದೆ ಎಂಬ ನಂಬಿಕೆ ಈ ಹವ್ಯಾಸದಲ್ಲಿ ಹಳೆಯದು. ನೀಲಿಯ ಬೋಗಿಗಳಿಗೆ ಪೇಸ್ಟ್ ತುಂಬಿ ಎರಡೂ ದಿಕ್ಕಿಗೆ ಹತ್ತು ಹತ್ತು ನಿಮಿಷ ಓಡಿಸಿ, ಅರ್ಧ ದಿನ ತೊಳೆದು, ಗ್ರೀಸ್ ಹಚ್ಚಿದ ಮೇಲೆ ಆ್ಯಪ್ 66 ತೋರಿಸಿತು. ಅದು ಪೇಸ್ಟಿಲ್ಲದೆಯೇ ಹಳದಿ ತಲುಪಿದ್ದ ಅಂಕಿ. ತೇಯುವ ಪುಡಿ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ನಾಟಿಕೊಂಡು, ಆಮೇಲೆ ಗಟ್ಟಿಯಾದ ಲೋಹದ ವರ್ಮನ್ನೇ ಸವೆಸುವ ಅಪಾಯವೂ ಇದೆ. ಮತ್ತೆ ಮಾಡುವುದಿಲ್ಲ.

ಮೂರನೆಯ ಮದ್ದನ್ನು ಹಳದಿಯ ಮೇಲೆ ಮಾಡಿದೆ, ಮತ್ತು ನಾನು ಅತಿ ಹೆಚ್ಚು ಕಲಿತದ್ದು ಇದರಿಂದ. ವರ್ಮ್ ಕೆಳಗಿನ ಗೇರನ್ನು ತಿರುಗಿಸಬಲ್ಲದು, ಗೇರ್ ವರ್ಮನ್ನು ತಿರುಗಿಸಲಾರದು. ಇಳಿಜಾರಿನಲ್ಲಿ ರೈಲಿನ ಭಾರ ಹಿಂದಿನಿಂದ ನೂಕಿದಾಗ ಚಕ್ರಗಳು ಮುಂದೋಡಲು ನೋಡುತ್ತವೆ. ಆಗ ವರ್ಮ್ ತನಗಿರುವ ಸಡಿಲದಷ್ಟು ಜಾರಿ ಇನ್ನೊಂದು ಕೊನೆಗೆ ಬಡಿಯುತ್ತದೆ, ಮೋಟಾರ್ ಮತ್ತೆ ಅದನ್ನು ಎಳೆದುಕೊಳ್ಳುತ್ತದೆ, ಹೀಗೆ ಸೆಕೆಂಡಿಗೆ ಹಲವು ಸಲ. ಹಳದಿಯ ಮುಂದಿನ ವರ್ಮ್‌ನಲ್ಲಿ ಈ ಸಡಿಲ ಸುಮಾರು 0.6 ಮಿ.ಮೀ. ಇತ್ತು. ಅಷ್ಟು ಸಣ್ಣ ವಾಷರ್ ಅಂಗಡಿಯಲ್ಲಿ ಸಿಗದೆ, ಸ್ಟೇಷನರಿ ಅಂಗಡಿಯ 0.1 ಮಿ.ಮೀ. ದಪ್ಪದ ಪಾರದರ್ಶಕ ಓಎಚ್‌ಪಿ ಹಾಳೆಯಿಂದ ಕತ್ತರಿಸಿಕೊಂಡೆ. ಮುಂದಿನ ಬೋಗಿಗೆ ನಾಲ್ಕು ಸರಿಹೋದವು. ಹಿಂದಿನದಕ್ಕೂ ಅಳೆಯದೆ ಅಷ್ಟೇ ಹಾಕಿದಾಗ ಮೋಟಾರ್ ಎಳೆಯುತ್ತಿದ್ದ ವಿದ್ಯುತ್ 0.4ರಿಂದ 0.7 ಆಂಪಿಯರ್‌ಗೆ ಏರಿ ಬಿಗಿಯಾಯಿತೆಂದು ತಿಳಿಸಿತು. ಒಂದನ್ನು ತೆಗೆದ ಮೇಲೆ ಹತೋಟಿಗೆ ಬಂತು. ಬೆರಳಿನಿಂದ ಸರಿಸಿದರೆ ವರ್ಮ್ ಕೂದಲೆಳೆಯಷ್ಟು ಅಲುಗಬೇಕು, ಅದಕ್ಕಿಂತ ಬಿಗಿ ಮಾಡಬಾರದು. ನೂರಕ್ಕೆ ಎರಡರ ಇಳಿಜಾರಿನಲ್ಲಿ ಗಡಗಡ ಶಬ್ದ ಸಂಪೂರ್ಣವಾಗಿ ನಿಂತಿತು. ಸಮತಟ್ಟಿನಲ್ಲಿ ಅಂಕಿ 62ಕ್ಕೆ ಇಳಿಯಿತು. ಖರ್ಚಾದದ್ದು ಒಂದು ಹಾಳೆ ಮತ್ತು ನನ್ನ ಎರಡು ಭಾನುವಾರ.

ನಾಲ್ಕನೆಯದು ಎಲ್ಲರೂ ಕಣ್ಣು ಮುಚ್ಚಿ ಸೂಚಿಸುವ ಮದ್ದು: ಹಳೆಯ ತೆರೆದ ಚೌಕಟ್ಟಿನ ಮೋಟಾರನ್ನು ತೆಗೆದು, ಡಬ್ಬಿಯಂತೆ ಮುಚ್ಚಿದ ಹೊಸ ಮೋಟಾರನ್ನು ಕೂರಿಸುವುದು. ಇದನ್ನು ನೀಲಿಗೆ ಮಾಡಿದೆ. ಹೊಸ ಶಾಫ್ಟ್ ತೆಳ್ಳಗಿದ್ದುದರಿಂದ ಫ್ಲೈವೀಲಿನ ತೂತಿಗೆ ಹೊಂದಿಸಲು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಹಿತ್ತಾಳೆಯ ಬುಶ್ ಮಾಡಿಸಬೇಕಾಯಿತು. ಅಕ್ಕಿಕಾಳಿಗಿಂತ ಚಿಕ್ಕದಾದ ಆ ಕೆಲಸವನ್ನು ಕಂಡು ಅಂಗಡಿಯವರು ನಕ್ಕರೂ ಚೆನ್ನಾಗಿಯೇ ಮಾಡಿಕೊಟ್ಟರು. ಮೊದಲ ಸಲ ಕೂರಿಸಿದಾಗ ನೀಲಿ ಹಿಂದೆಂದೂ ಇಲ್ಲದಷ್ಟು ಕಂಪಿಸಿತು. ಹೊಸ ಮೋಟಾರ್ ಒಂದು ಮಿ.ಮೀ. ಕೆಳಗೆ ಕೂತು, ಶಾಫ್ಟ್‌ಗಳು ಓರೆಯಾಗಿ, ಅವುಗಳ ಕೀಲುಗಳು ಪ್ರತಿ ಸುತ್ತಿನಲ್ಲೂ ಬಡಿಯುತ್ತಿದ್ದವು. ಎತ್ತರ ಸರಿಪಡಿಸಿ, ಮೋಟಾರನ್ನು ಮೆತ್ತನೆಯ ಸಿಲಿಕೋನ್ ಹಾಸಿನ ಮೇಲೆ ಇಟ್ಟು, ನೀಲಿಯ ವರ್ಮ್‌ಗಳಿಗೂ ವಾಷರ್ ಹಾಕಿದ ಬಳಿಕ ಆ್ಯಪ್ 58 ತೋರಿಸಿತು. ನಿಧಾನಗತಿಯಲ್ಲಿ ಅದರ ಓಟ ಈಗ ನಿಜಕ್ಕೂ ಸುಂದರ. ಆದರೆ ಮೋಟಾರ್, ಸಾಗಣೆ, ಸುಂಕ, ಲೇತ್ ಕೂಲಿ ಸೇರಿದರೆ, ಹಳದಿಗಿಂತ 4 ಡೆಸಿಬಲ್ ಕಡಿಮೆ ಮಾಡಲು ಇಂಜಿನ್ನಿನ ಬೆಲೆಗೆ ಹತ್ತಿರದ ಹಣವನ್ನು ತೆತ್ತಿದ್ದೇನೆ.

ಎರಡನ್ನೂ ಅಕ್ಕಪಕ್ಕದ ಹಳಿಗಳಲ್ಲಿ ಬಿಟ್ಟಾಗ ಇನ್ನೊಂದು ವಿಷಯ ತಿಳಿಯಿತು. ಪ್ಲೈವುಡ್ ಹಲಗೆ ತಮಟೆಯ ಚರ್ಮದಂತೆ ಇಂಜಿನ್ನಿನ ಕಂಪನವನ್ನು ಹೆಚ್ಚಿಸಿ ಹೊರಡಿಸುತ್ತದೆ. ಹಳದಿಯ ಹಳಿಯ ಕೆಳಗೆ ಮಡಿಸಿದ ಜಮಖಾನ ಹಾಸಿದೊಡನೆ ಅದು 59ಕ್ಕೆ ಬಂದು, ಬರಿ ಹಲಗೆಯ ಮೇಲಿನ ನೀಲಿಗೆ ಹೆಚ್ಚುಕಡಿಮೆ ಸಮನಾಯಿತು. ಹಳದಿಗೆಂದು ತರಿಸಿದ್ದ ಎರಡನೆಯ ಮೋಟಾರ್ ಇನ್ನೂ ಪೊಟ್ಟಣದಲ್ಲೇ ಇದೆ. ಸದ್ಯಕ್ಕೆ ಹಳಿಯ ಕೆಳಗೆ ಹಾಸಲು ಕಾರ್ಕ್ ಹಾಳೆ ಹುಡುಕುತ್ತಿದ್ದೇನೆ.